ಪರದೆ ಆಮೇಲೆ, ಮೊದಲು ಗೋಡೆ

ಈ ಸೆಮ್ ನಮ್ಮ ರೂಮಿಗೆ ಹಿಡಿದಿರೋ ಹುಚ್ಚು ‘ಸ್ಕೂಲಿ’. ಅಂದ್ರೆ ಅಮೆರಿಕದಲ್ಲಿ ಹಳೆಯ ಹಳದಿ ಸ್ಕೂಲ್ ಬಸ್ಸು ಕೊಂಡು, ಸೀಟು ಕಿತ್ತು, ಮನೆ ಮಾಡ್ಕೊಳ್ಳೋದು. ರೀಲ್ಸ್‌ನಲ್ಲಿ ಕಾಣೋದು ಸೀರಿಯಲ್ ಲೈಟು, ಕಂಬಳಿ, ಕಿಟಕಿ ಪಕ್ಕ ಮಲಗಿರೋ ನಾಯಿ. ಅದನ್ನ ನೋಡೇ ಮಿನಿ ಪ್ರಾಜೆಕ್ಟ್‌ಗೆ ಬಸ್ ಮನೆ ಡಿಸೈನ್ ಮಾಡಿದ್ವಿ. ಪರದೆ ಬಣ್ಣಕ್ಕೆ ಎರಡು ದಿನ, ಗೋಡೆಗೆ ಅರ್ಧ ಗಂಟೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಉಸಿರಲ್ಲಿರೋ ನೀರು ಎಲ್ಲಿಗೆ ಹೋಗುತ್ತೆ?” ನಾವು ಗಪ್‌ಚುಪ್.

ಬಸ್ಸು ಅಂದ್ರೆ ತಗಡಿನ ಡಬ್ಬ. ಅದರ ಉಕ್ಕಿನ ಚೌಕಟ್ಟು ಒಳಗಿನ ಶಾಖವನ್ನು ಸೀದಾ ಹೊರಗೆ ಸಾಗಿಸುತ್ತೆ. ಚಳಿಗಾಲದಲ್ಲಿ ಉಸಿರು, ಅಡುಗೆಯ ಆವಿ, ಗ್ಯಾಸ್ ಉರಿದಾಗ ಹುಟ್ಟೋ ನೀರಾವಿ ಎಲ್ಲಾ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗುತ್ತೆ. ಹಾಸಿಗೆ ಮೇಲೇ ತೊಟ್ಟಿಕ್ಕುತ್ತೆ. ಆಮೇಲೆ ಬೂಷ್ಟು, ತುಕ್ಕು. (ಥರ್ಮೋ ಕ್ಲಾಸಲ್ಲಿ ಡ್ಯೂ ಪಾಯಿಂಟ್ ಬಂದಾಗ ನಿದ್ದೆ ಹೊಡೆದವರು ನಾವೇ.)

ಅದಕ್ಕೇ ನಮ್ಮ ವಾದ: ಬೆಚ್ಚಗಿರೋ ಮನೆ ಶುರುವಾಗೋದು ಕಂಬಳಿಯಿಂದಲ್ಲ, ಒಳಗಿನ ತಗಡು ಬಿಚ್ಚಿ ಫೋಮ್ ತುಂಬೋದರಿಂದ. ಛಾವಣಿಗೊಂದು ಫ್ಯಾನ್ ಬೇಕು. ಒಲೆ ಇದ್ರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕೇ ಬೇಕು. ನಾವು ನೋಡಿದ ಒಂದು ರೀಲಲ್ಲೂ ಅದು ಕಾಣಲಿಲ್ಲ.

ಜಗಳ ಉಳಿದಿರೋದು ಕಿಟಕಿ ಬಗ್ಗೆ. ಮುಚ್ಚಿದಷ್ಟೂ ಬೆಚ್ಚಗೆ, ಆದ್ರೆ ಎಲ್ಲಾ ಮುಚ್ಚಿದ್ರೆ ಅದು ಗೋಡೌನ್. ಹಾಸಿಗೆ ಹತ್ರ ಮುಚ್ಚಿ, ಅಡುಗೆಕಟ್ಟೆ ಹತ್ರ ಬಿಡೋಣ ಅಂತ ಸದ್ಯಕ್ಕೆ ರಾಜಿ. ಸೋಮವಾರ ಮತ್ತೆ ರಿವ್ಯೂ. ಪರದೆ ಬಣ್ಣ ಇನ್ನೂ ತೀರ್ಮಾನ ಆಗಿಲ್ಲ.