ತೆರೆಯ ಚಿನ್ನ, ಗಣಿಯ ಬೆವರು

ನಾವು ಚಿತ್ರವಿಮರ್ಶಕರಲ್ಲ. ವಾರದ ರಜೆಗೆ ಟಿಕೆಟ್ಟು ಕೊಳ್ಳುವವರು, ಮಿಕ್ಕ ದಿನ ಟಿ.ವಿ.ಯಲ್ಲಿ ಸಿಕ್ಕಿದ್ದನ್ನು ನೋಡುವವರು. ಆದರೆ ಕಾಸು ಕೊಟ್ಟವನಿಗೆ ಮಾತಾಡುವ ಹಕ್ಕಿದೆ.

2018 ಮತ್ತು 2022ರಲ್ಲಿ ‘ಕೆ.ಜಿ.ಎಫ್.’ ಚಿತ್ರದ ಎರಡು ಭಾಗಗಳು ಬಂದವು. ಅದರಲ್ಲಿ ಗಣಿಯಾಳುಗಳ ಕೆಲಸವೇನು? ಏಟು ತಿನ್ನುವುದು, ಅಳುವುದು, ನಾಯಕನ ದಾರಿ ಕಾಯುವುದು. ಅವನು ಬಂದು ಹಳೆಯ ಒಡೆಯನನ್ನು ಕೊಂದು ತಾನೇ ಒಡೆಯನಾಗುತ್ತಾನೆ. ಒಡೆಯ ಬದಲಾದ, ಅಗೆಯುವ ಕೈ ಬದಲಾಯಿತೇ? ಕಟ್ಟುಕಥೆಯೆನ್ನುತ್ತಾರೆ. ಆಗಲಿ, ಹೆಸರು ಮಾತ್ರ ಕೋಲಾರದ್ದು!

ಆ ಕೋಲಾರದ ನಿಜವಾದ ಕಾರ್ಮಿಕರು ಯಾವ ನಾಯಕನಿಗೂ ಕಾಯಲಿಲ್ಲ. 1930ರಲ್ಲಿ ಬೆರಳಚ್ಚು ಕೊಡಿರೆಂದಾಗ ಕೆಲಸ ನಿಲ್ಲಿಸಿದರು. 1946ರಲ್ಲಿ ಮತ್ತೆ ಮುಷ್ಕರ ಹೂಡಿ ಪೊಲೀಸರ ಗುಂಡಿಗೆ ಎದೆಯೊಡ್ಡಿದರು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಕಲ್ಲುದೂಳು ಕುಡಿದು ಎದೆರೋಗ ತಂದುಕೊಂಡರು. 2001ರಲ್ಲಿ ಗಣಿ ಮುಚ್ಚಿದಾಗ ಅವರ ಜೊತೆಗೆ, ಅವರ ಸಂಬಳವನ್ನೇ ನಂಬಿದ್ದ ಅಂಗಡಿಯವರೂ ಕಂಗೆಟ್ಟರು. ಇದರಲ್ಲಿ ಕಥೆಯಿಲ್ಲವೇ?

ಇಂಥದ್ದನ್ನು ತೆರೆಗೆ ತರಲಾಗದೆಂಬುದು ಸುಳ್ಳು. 1975ರ ‘ಚೋಮನ ದುಡಿ’ಯಲ್ಲಿ ಬಿ. ವಿ. ಕಾರಂತರು ತುಂಡು ನೆಲಕ್ಕಾಗಿ ಹಂಬಲಿಸುವ ದಲಿತನನ್ನು ತೋರಿಸಿದರು. ಅಲ್ಲಿ ಬಂದೂಕಿನ ಅಬ್ಬರವಿಲ್ಲ. ಆದರೂ ‘ಭೂಮಿ ಯಾರದು?’ ಎಂಬ ಪ್ರಶ್ನೆ ನೋಡಿದವನ ಹಿಂದೆ ಮನೆಯವರೆಗೂ ಬರುತ್ತದೆ.

ಗಿರಣಿಯ ಬಂಧುಗಳೇ, ಅಂಗಡಿಯ ಮಿತ್ರರೇ, ಸಿನಿಮಾ ನೋಡಿ, ಶಿಳ್ಳೆಯನ್ನೂ ಹೊಡೆಯಿರಿ. ಹೊರಬರುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ತೆರೆಯ ಮೇಲಿನ ದುಡಿಯುವ ಜನ ಸಂಘ ಕಟ್ಟಿದರೋ, ಅವತಾರಪುರುಷನಿಗೆ ಕಾದರೋ? ಕಾಯುವುದನ್ನು ಕಲಿಸುವ ಚಿತ್ರದಿಂದ ಲಾಭ ಯಜಮಾನನಿಗೇ ಹೊರತು ನಮಗಲ್ಲ.