ತೋಪಿನ ರೀಲ್ ಹಾಕೋ ಮುಂಚೆ ಈ ಮೂರು ಹೆಸರು ಓದಿ

1/4
ಜುಲೈ 26 ಬಂತು ಅಂದ್ರೆ ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಎಲ್ಲರ ಸ್ಟೋರಿಯಲ್ಲೂ ಒಂದೇ ರೀಲ್. ಬೋಫೋರ್ಸ್ ತೋಪು ಸಿಡಿಯುತ್ತೆ, ಹಿಂದೆ ಸಿನಿಮಾ ಹಾಡು, ಕೆಳಗೆ ಬೆಂಕಿ ಇಮೋಜಿ. ನಾನೂ ಹಾಕಿದ್ದೆ, ಸುಳ್ಳು ಯಾಕೆ ಹೇಳ್ಲಿ. 1999ರಲ್ಲಿ ಕಾರ್ಗಿಲ್‌ನಲ್ಲಿ ನಮ್ಮ ಫಿರಂಗಿ ದಳದವರು ಎರಡೂವರೆ ಲಕ್ಷಕ್ಕೂ ಹೆಚ್ಚು ಶೆಲ್, ರಾಕೆಟ್ ಹಾರಿಸಿದರು. 527 ಸೈನಿಕರು ಜೀವ ಕೊಟ್ಟರು. ಮೊದಲನೇ ಲೆಕ್ಕ ರೀಲಲ್ಲಿರುತ್ತೆ, ಎರಡನೇದು ಇರಲ್ಲ.

ಗಡಿಯಲ್ಲಿ ಏನಾದ್ರೂ ಆದ ತಕ್ಷಣ ಬಸ್‌ಸ್ಟ್ಯಾಂಡಲ್ಲಿ ನಿಂತು "ಒಂದ್ಸಲ ಯುದ್ಧ ಆಗ್ಲಿ ಮಾರಾಯ" ಅಂತ ಕಮೆಂಟ್ ಹಾಕೋರಿಗೆ ಈ ಪೋಸ್ಟ್.

2/4
ತೋಪು ಸುಮ್ಮನಿದ್ದ ಜಾಗದ ಕಥೆ ಹೇಳ್ತೀನಿ. ಸಿಯಾಚಿನ್. 2003ರ ನವೆಂಬರ್‌ನಿಂದ ಅಲ್ಲಿ ಕದನ ವಿರಾಮ. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಮ್ ಪೋಸ್ಟ್ ಮೇಲೆ ಹಿಮದ ಗೋಡೆ ಕುಸಿಯಿತು. ಮೂರು ಮುಳ್ಳಯ್ಯನಗಿರಿ ಒಂದರ ಮೇಲೊಂದು ಇಟ್ಟರೂ ಆ ಎತ್ತರ ಮುಟ್ಟಲ್ಲ. 19 ಮದ್ರಾಸ್ ರೆಜಿಮೆಂಟಿನ ಪೋಸ್ಟ್ ಅದು. ಹತ್ತು ಜನ ಒಳಗೆ. ವೈರಿಯ ಒಂದು ಗುಂಡೂ ಹಾರಿರಲಿಲ್ಲ.

ಹತ್ತರಲ್ಲಿ ಮೂವರು ಕರ್ನಾಟಕದವರು. ಹಾಸನದ ತೇಜೂರಿನ ಸುಬೇದಾರ್ ನಾಗೇಶ್. ಎಚ್.ಡಿ.ಕೋಟೆಯ ಸಿಪಾಯಿ ಮಹೇಶ್. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಕೊನೇ ಹೆಸರು ಮಾತ್ರ ಗೊತ್ತು, ಅಲ್ವಾ?

3/4
ಯಾಕೆ ಗೊತ್ತು ಅಂದ್ರೆ ಅದು "ಪವಾಡ". ಮಾರನೇ ದಿನವೇ ಹತ್ತೂ ಜನ ಹೋದರು ಅಂತ ಸುದ್ದಿ ಬಂದಿತ್ತು. ಬೆಟದೂರಲ್ಲಿ ಆಗಲೇ ಅತ್ತಾಗಿತ್ತು. 8ನೇ ತಾರೀಖು ಸುಮಾರು 25 ಅಡಿ ಹಿಮದ ಕೆಳಗೆ ಹನುಮಂತಪ್ಪ ಉಸಿರಾಡ್ತಾ ಸಿಕ್ಕಿದ. ಇಡೀ ದೇಶ ಹರಕೆ ಹೊತ್ತಿತು, ಕಿಡ್ನಿ ಕೊಡ್ತೀನಿ ಅಂತ ಮುಂದೆ ಬಂದವರೂ ಇದ್ದರು. 11ಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡ. ಹೆಂಡತಿ, ಪುಟ್ಟ ಮಗಳು, ಹೆತ್ತವ್ವ. ಎಂಟೇ ದಿನದಲ್ಲಿ ಅದೇ ಮನೆ ಅದೇ ಹುಡುಗನನ್ನು ಎರಡು ಸಲ ಕಳ್ಕೊಂಡಿತು.

ಇನ್ನು ತೇಜೂರು, ಎಚ್.ಡಿ.ಕೋಟೆ? ಒಬ್ಬ ಬದುಕಿದ್ದಾನೆ ಅಂತ ಟಿವಿಯಲ್ಲಿ ಬಂದಾಗ ಆ ಮನೆಗಳಲ್ಲೂ ಒಂದು ಕ್ಷಣ ಆಸೆ ಹುಟ್ಟಿರುತ್ತೆ ಅಲ್ವಾ, ನಮ್ಮವನೂ ಇರಬಹುದಾ ಅಂತ. ಆ ಒಂದು ಕ್ಷಣ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಹೊಟ್ಟೆ ತೊಳಸುತ್ತೆ. ನಮಗೆ ಪವಾಡ ಬೇಕಿತ್ತು, ಹೆಣ ಬೇಕಿರಲಿಲ್ಲ. ಉಳಿದ ಒಂಬತ್ತು ಹೆಸರು ಅಲ್ಲಿಗೇ ಬಿಟ್ಟೆವು.

4/4
ಕಮೆಂಟಲ್ಲಿ "ದೇಶದ್ರೋಹಿ" ಅಂತ ಬರುತ್ತೆ, ಗೊತ್ತು. ಬರೀರಿ. ಸೇನೆ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಕಷ್ಟದ ಜಾಗಗಳಲ್ಲೇ ಕಳೆದವನು ಹನುಮಂತಪ್ಪ. ಅವನ ಮುಂದೆ ನಾನೆಷ್ಟರವನು? ಜೂನ್ ಮಳೆಗೆ ಕಂಬಳಿ ಹೊದ್ದು ಹಂಡೆ ಒಲೆ ಮುಂದೆ ಕೂರೋನು. ಅದಕ್ಕೇ ಯುದ್ಧ ಆಗ್ಲಿ ಅನ್ನೋ ಮಾತು ನನ್ನ ಬಾಯಲ್ಲಿ ಬರಬಾರದು ಅಂತಿರೋದು. ಗುಂಡೇ ಹಾರದ ಜಾಗದಲ್ಲಿ ಹತ್ತು ಮನೆ ಹೀಗೆ ಖಾಲಿ ಆಗುತ್ತೆ ಅಂದ್ರೆ, ಗುಂಡು ಹಾರಲಿ ಅಂತ ಕೇಳೋಕೆ ನಮಗೆ ಎಂತ ಹಕ್ಕಿದೆ?

ಹೋದವರ ಮನೆಯವರು ಅಳೋ ವಿಡಿಯೋಗೆ "ಪ್ರೌಡ್ ಮದರ್" ಅಂತ ಹಾಡು ಸೇರಿಸಿ ಹಾಕೋದನ್ನೂ ದಯವಿಟ್ಟು ನಿಲ್ಸಿ.

ಸುಬೇದಾರ್ ನಾಗೇಶ್ ಜೊತೆಗೇ ಹೋದವರು: ಏಳುಮಲೈ, ಕುಮಾರ್, ಸುಧೀಶ್, ಹನುಮಂತಪ್ಪ, ಮಹೇಶ್, ಗಣೇಶನ್, ರಾಮಮೂರ್ತಿ, ಮುಷ್ತಾಕ್ ಅಹಮದ್, ಸೂರ್ಯವಂಶಿ. ಈ ಸಲ ನನ್ನ ಸ್ಟೋರಿಯಲ್ಲಿ ಇಷ್ಟೇ ಇರುತ್ತೆ, ಹಾಡು ಇಲ್ಲ.