ಕಟ್-ಪೇಸ್ಟ್ ಮಾಡೋ ಮುಂಚೆ...

ಭಾನುವಾರ ಊರಿಗೆ ಹೋಗಿದ್ದೆ. ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ಗುಡಿ ಮುಂದೆ ಕೂತಿದ್ದಾಗ ಮ್ಯಾನೇಜರ್ ಫೋನು: "ಫೈಲೆಲ್ಲ ಹೊಸ ಸರ್ವರಿಗೆ ಕಟ್-ಪೇಸ್ಟ್ ಮಾಡಿಸಿದೆ. ಲಿಂಕ್ ಒಂದೂ ಸಿಗ್ತಿಲ್ಲ. ನಿನ್ನ ಶೆಡ್ಯೂಲೇ ಸರಿಯಿಲ್ಲ!"

ಅಲ್ಲ ಸ್ವಾಮಿ, ಮೈಕ್ರೋಸಾಫ್ಟ್ ಪ್ರಾಜೆಕ್ಟಿನಲ್ಲಿ ಒಂದು ಫೈಲಿನ ಕೆಲಸ ಇನ್ನೊಂದಕ್ಕೆ ಕಾಯ್ತಿದ್ರೆ, ಆ ಕೊಂಡಿಯಲ್ಲಿರೋದು ಫೈಲಿನ ಪೂರ್ತಿ ವಿಳಾಸ. ಮನೆ ಬದಲಿಸಿ ಪೋಸ್ಟ್‌ಮ್ಯಾನಿಗೆ ಹೇಳದಿದ್ರೆ ಕಾಗದ ಎಲ್ಲಿಗೆ ಬರಬೇಕು? ಕಾಪಿ ಮಾಡಿದ್ರೆ ಇನ್ನೂ ಅಪಾಯ! ಹೊಸ ಪ್ಲಾನು ಸದ್ದಿಲ್ಲದೆ ಹಳೇ ಫೈಲಿನ ತಾರೀಕನ್ನೇ ಓದ್ತಾ ಇರುತ್ತೆ.

ಮೊದಲು ಕೊಂಡಿಗಳ ಪಟ್ಟಿ ಬರ್ಕೊಳ್ಳಿ. ಕಾಪಿ ಮಾಡಿ, 'ಲಿಂಕ್ಸ್ ಬಿಟ್ವೀನ್ ಪ್ರಾಜೆಕ್ಟ್ಸ್'ನಲ್ಲಿ ಒಂದೊಂದಕ್ಕೂ ಹೊಸ ವಿಳಾಸ ತೋರಿಸಿ. ಮಾಸ್ಟರಿಗೆ ಸೇರಿಸಿದ ಫೈಲುಗಳಿಗೂ ಅಷ್ಟೇ. ಆಮೇಲೆ ಹಳೇ ಫೋಲ್ಡರಿನ ಹೆಸರು ಬದಲಿಸಿ ನೋಡಿ. ಆಗಲೂ ಎಲ್ಲ ಕೊಂಡಿ ಸಿಕ್ಕಿದ್ರೆ ಮಾತ್ರ ಹಳೇದನ್ನ ಅಳಿಸಿ.

ಕೆ.ಆರ್.ಎಸ್. ನೀರಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನ ಹೊಸ ಕನ್ನಂಬಾಡಿಗೆ ಸಾಗಿಸುವಾಗ ಕಲ್ಲುಗಳಿಗೆ ಗುರುತು ಹಾಕಿಯೇ ಬಿಚ್ಚಿದ್ರು. ಇಲ್ಲೂ ನಾಲ್ಕು ಗರ್ಭಗುಡಿ ಸೇರಿ ಒಂದು ಗುಡಿ. ಒಂದನ್ನ ಎತ್ತಿ ಆಚೆ ಇಟ್ಟು, ಕಟ್ಟಿದವನ ಕೆಲಸ ಸರಿಯಿಲ್ಲ ಅಂದ್ರೆ?

ಸಾಗಿಸೋದು ಗುಮಾಸ್ತೆ ಕೆಲಸ, ಅರ್ಧ ಗಂಟೆ ಸಾಕು ಅನ್ನೋರೇ, ಮುರಿದಾಗ ಬೈಗುಳ ಮಾತ್ರ ನಮಗ್ಯಾಕೆ? ನಿಮ್ಮ ಆಫೀಸಲ್ಲೂ ಇದೇ ಕಥೇನಾ ಗೆಳೆಯರೇ?